ಮಹಡಿಗೆ ಸಣ್ಣ ಕೇಬಲ್

ನನ್ನ ಅಂಗಡಿಯ ತೊಟ್ಟಿಗಳಲ್ಲಿ ಕೇಬಲ್‌ಗಳು ಒಂದರ ಮೇಲೊಂದು ಹೊರಳುತ್ತ ಲೋಳೆ ಸುರಿಸುತ್ತಿದ್ದವು. ಅವಕ್ಕೆ ಗಂಜಿ ಹಾಕುವ ಹೊತ್ತಾಗಿತ್ತು. ಹೊಸ ಮನೆಗೆ ವೈರಿಂಗ್ ಮಾಡಿಸುತ್ತಿದ್ದ ಕೊಟ್ರಪ್ಪ ಮೂಗಿಗೆ ಕರ್ಚೀಫ್ ಒತ್ತಿಕೊಂಡು ನಿಂತಿದ್ದ.

ತಾನಿರುವ ಕೆಳಮನೆಗೆ ಹೆಬ್ಬೆರಳು ದಪ್ಪದ್ದನ್ನು ಆರಿಸಿದ. ಬಾಡಿಗೆಗೆ ಕೊಡುವ ಮಹಡಿಗೆ ಎಳೆ ಹುರಳಿಕಾಯಿಯಂಥದ್ದನ್ನು ತೋರಿಸಿದ.

“ಮೇಲೂ ಗೀಸರ್ ಐತಲ್ರೀ ಕೊಟ್ರಪ್ನೋರೇ? ಇದು ಅಷ್ಟು ಕರೆಂಟ್ ತಡಿಯಂಗಿಲ್ಲ. ಜ್ವರ ಬಂದು ಗೋಡೆಯೊಳಗೇ ಸತ್ತು ಕೊಳಿತೈತಿ” ಎಂದೆ.

“ಕೊಳೀಲಿ ಬಿಡ್ರೀ ಅಕ್ಕಾ. ನಾತ ಮೂಸೋರು ಅವರು ತಾನೆ? ಬಾಣಂತಿ ಬೇರೆ ಬರ್ತಾಳಂತೆ. ಕಿಟಕಿ ತಗದು ಕುಂದ್ರಲಿ” ಎಂದು ನಕ್ಕ.

ಎಷ್ಟೋ ವರ್ಷ ಈ ಲೋಳೆಯಲ್ಲಿ ಕೈಯಾಡಿಸಿದ್ದೇನೆ. ಆ ನಗುವಿಗೆ ಬಂದಂಥ ವಾಕರಿಕೆ ಎಂದೂ ಬಂದಿರಲಿಲ್ಲ.

ಕತ್ತರಿಸುವ ಮೊದಲು ಕೇಬಲ್‌ಗೆ ಯಾರದಾದರೂ ಅಂಗೈ ನೆಕ್ಕಿಸಬೇಕು. ಇಲ್ಲದಿದ್ದರೆ ಅದು ಮೈಯಲ್ಲಿ ಕರೆಂಟ್ ಬಿಟ್ಟುಕೊಳ್ಳುವುದಿಲ್ಲ. ಬಾಡಿಗೆ ಮನೆಯಾದರೆ ಬಾಡಿಗೆಯವರನ್ನೇ ಕರೆತನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ಅವನಿಗೆ ಹೇಳಲಿಲ್ಲ.

“ಕೈ ಕೊಡ್ರೀ” ಎಂದೆ.

ಅವನು ಮುಖ ಕಿವಿಚಿಕೊಂಡು ಅಂಗೈ ಚಾಚಿದ. ಸಣ್ಣ ಕೇಬಲ್ ಬೆರಳ ಸಂದಿಯನ್ನೂ ಬಿಡದೆ ನೆಕ್ಕಿತು. “ಥೂ!” ಎಂದು ಪ್ಯಾಂಟಿಗೆ ಕೈ ಒರೆಸಿಕೊಂಡು, ಕೇಬಲ್ ಹಿಡಿದುಕೊಂಡು ಹೊರಟ.

ಜ್ವರ ಬಂದ ಕೇಬಲ್ ಇದ್ದಲ್ಲೇ ಸಾಯುವುದಿಲ್ಲ. ತಾನು ನೆಕ್ಕಿದ ಅಂಗೈಯ ವಾಸನೆ ಹಿಡಿದು, ಗೋಡೆಯೊಳಗೇ ತೆವಳಿಕೊಂಡು ಹೋಗಿ, ಆ ಮನುಷ್ಯ ತಲೆಯಿಟ್ಟು ಮಲಗುವ ಕಡೆಯೇ ಕೊಳೆಯುತ್ತದೆ.