ಹನ್ನೊಂದು ವರ್ಷದ ಮುಡಿಪು

ಆ ಬೆಳಗ್ಗೆ ಮಂಜು ಕಳು ಗಂಗೆ ನದಿಯನ್ನು ಬಿಟ್ಟು ಏಳಲೇ ಇಲ್ಲ. ದೋಣಿಯಿಂದ ಒಬ್ಬಳೇ ಇಳಿದ ಹೀನ್ ಮೆಣಿಕಾ ಸಮನ್ ದೇವರ ಗುಡಿಯ ಮೆಟ್ಟಿಲು ಹತ್ತಿ, ಪೂಜಾರಿಯಾದ ಕಪುರಾಳನ ಮುಂದೆ ಅರಿಸಿನದ ಬಟ್ಟೆಯ ಪುಟ್ಟ ಗಂಟು ಹಿಡಿದಳು.

"ಇದರೊಳಗಿರೋದು ಒಂದು ಹಳೇ ತಾಮ್ರದ ನಾಣ್ಯ, ತುಟ್ಟು, ಕಪುರಾಳೆ. ಇವತ್ತೇ ಕೊನೆಯಂತೆ. ನಾಳೆಯಿಂದ ರೂಪಾಯಿಗೆ ನೂರು ಸೆಂಟು, ಹಳೇದನ್ನ ಯಾರೂ ಮುಟ್ಟಲ್ಲ ಅಂತ ಊರಲ್ಲಿ ಡಂಗುರ ಹೊಡೆಸಿದ್ರು."

"ಸರ್ಕಾರಿ ಕಚೇರಿಗೆ ಹೋಗಕ್ಕಾ, ಅದನ್ನ ತಗೊಂಡು ಒಂದೂವರೆ ಸೆಂಟು ಕೊಡ್ತಾರೆ. ಆ ಅರ್ಧಕ್ಕೂ ಬೇರೆ ನಾಣ್ಯ ಮಾಡಿಸಿದ್ದಾಳಂತೆ ಬಿಳಿಯರ ಮಹಾರಾಣಿ. ಲೆಕ್ಕದಲ್ಲಿ ಭಾರೀ ಗಟ್ಟಿಗಿತ್ತಿ!"

"ಗಂಟು ಬಿಚ್ಚದೆ ಹೇಗೆ ಕೊಡಲಿ?"

ಕಪುರಾಳನ ನಗು ನಿಂತಿತು. ಆಕೆಯ ಗಂಡ ಪುಂಚಿರಾಳ ಎತ್ತುಗಳ ಮೇಲೆ ಅಡಿಕೆ ಹೇರಿಕೊಂಡು, ಉಪ್ಪು ತರಲು ಸಮುದ್ರದ ಕಡೆಗೆ ಹೊರಟ ದಿನ ಕಟ್ಟಿದ ಮುಡಿಪು ಅದು. ಅವನು ಕ್ಷೇಮವಾಗಿ ಬಂದ ದಿನ ಬಿಚ್ಚಿ ದೇವರಿಗೆ ಒಪ್ಪಿಸಬೇಕು. ಹನ್ನೊಂದು ವರ್ಷವಾಗಿತ್ತು, ಎತ್ತುಗಳೂ ಬಂದಿರಲಿಲ್ಲ.

"ಹಾಗಾದ್ರೆ ಬಿಚ್ಚಬೇಡ," ಎಂದ. "ಬಂದಾಗ ಇದನ್ನೇ ತಂದು ಒಪ್ಪಿಸು. ನಮ್ಮ ದೇವರೇನು ವೀಳ್ಯದಂಗಡಿ ಇಟ್ಟಿದ್ದಾರಾ, ನಡೆಯುತ್ತೋ ಇಲ್ವೋ ಅಂತ ತಿರುಗಿಸಿ ನೋಡೋಕೆ?"

"ಅವರು ತಗೋತಾರೆ. ಆದ್ರೆ ಕೊಡೋಳು ನಾನಲ್ವಾ? ಅಂಗಡಿಯವನು ಬೇಡ ಅಂದದ್ದನ್ನ ದೇವರ ಮುಂದೆ ಯಾವ ಕೈಯಲ್ಲಿ ಇಡಲಿ?"

ಆಕೆ ಮೆಟ್ಟಿಲ ಮೇಲೆ ಕೂತು ಗಂಟಿಗೆ ಉಗುರು ಹಾಕಿದಳು. ಅಡುಗೆಮನೆಯ ತೊಲೆಯಲ್ಲಿ ತೂಗಿ ಹೊಗೆ ಕುಡಿದು ಅದು ಕಲ್ಲಾಗಿತ್ತು. ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಕಚ್ಚಿ ಎಳೆದಳು.

"ನಿಲ್ಲಕ್ಕಾ! ಈಗ ಬಿಚ್ಚಿದ್ರೆ ಅವನು ಬರಲ್ಲ ಅಂತ ನೀನೇ ಹೇಳಿದ ಹಾಗೆ."

ಗಂಟು ಬಿಚ್ಚಿಕೊಂಡಿತು. ತುಟ್ಟು ಆಕೆಯ ಅಂಗೈಗೆ ಬಿತ್ತು. ಕಪುರಾಳ ಒಳಗಿನಿಂದ ತಟ್ಟೆ ತಂದ. ಅವನ ದನಿ ತಗ್ಗಿತ್ತು.

"ಏನಂತ ಒಪ್ಪಿಸಲಿ? ಹರಕೆ ತೀರಿಲ್ಲವಲ್ಲಾ."

ಹೀನ್ ಮೆಣಿಕಾ ಒಳಗಿನ ದೀಪದತ್ತ ನೋಡಿದಳು.

"ನಮ್ಮ ಮನೇಲಿ ಹನ್ನೊಂದು ವರ್ಷ ಈ ದೇವರೂ ನನ್ನ ಜೊತೆ ದಾರಿ ಕಾದ್ರು. ಅದರ ಋಣ ಅಂತ ಹೇಳಿ."

ತುಟ್ಟನ್ನು ಒರೆಸಿ, ಸದ್ದಾಗದ ಹಾಗೆ ತಟ್ಟೆಯಲ್ಲಿಟ್ಟಳು. ಬಟ್ಟೆಯಲ್ಲಿ ಅದರ ದುಂಡನೆಯ ಹಸಿರು ಕಲೆ ಮಾತ್ರ ಉಳಿದಿತ್ತು.