ಪ್ಲಗ್ ಪಾಯಿಂಟ್

ಟಿವಿಯ ಸೌಂಡ್‌ಬಾರ್‌ಗೆ ಜೋಡಿಸಲು ತಂದ ಎರಡು ವೈರ್‌ಲೆಸ್ ಸ್ಪೀಕರ್‌ಗಳನ್ನು ಅವನು ಸೋಫಾದ ಹಿಂದೆ ಇಟ್ಟ. ಹೆಂಡತಿಯ ತಮ್ಮ ನಕ್ಕ.

"ವೈರ್‌ಲೆಸ್ ಅಂತೀರಿ, ಇದಕ್ಕೂ ವೈರ್ ಇದೆಯಲ್ಲ ಭಾವ!"

"ಕರೆಂಟ್ ಬೇಡ್ವೇನೋ ಅದಕ್ಕೆ?"

ಒಂದಕ್ಕೆ ಪ್ಲಗ್ ಪಾಯಿಂಟ್ ಸಿಕ್ಕಿತು. ಇನ್ನೊಂದರ ಹತ್ತಿರ ಇದ್ದದ್ದು ಹಾಲ್‌ನ ಹಿಂದಿನ ಮೂಲೆಯಲ್ಲಿದ್ದ ಅಪ್ಪನ ಮಂಚದ ಪಕ್ಕದ್ದು ಮಾತ್ರ. ಸೊಂಟ ಮುರಿದು ಮಲಗಿದ್ದ ಅಪ್ಪನ ಬೆನ್ನು ಹುಣ್ಣಾಗದಿರಲೆಂದು ಹಾಕಿದ್ದ ಗಾಳಿಹಾಸಿಗೆಯ ಪಂಪ್ ಅದರಿಂದಲೇ ನಡೆಯುತ್ತಿತ್ತು. ಕೇಳಲು ಅವನಿಗೆ ನಾಚಿಕೆಯಾಯಿತು. ಆದರೆ ಭಾಮೈದ ನೋಡುತ್ತಿದ್ದ.

"ಸ್ವಲ್ಪ ಹೊತ್ತು ತೆಗೀಲಾ ಅಪ್ಪ? ಸೌಂಡ್ ನೋಡಿ ಮತ್ತೆ ಹಾಕ್ತೀನಿ."

"ತೆಗಿ ಮಗಾ."

ಹಾಕಿದ್ದು ಯುದ್ಧದ ಸಿನಿಮಾ. ಗುಂಡಿನ ಸದ್ದು, ಗಾಯಾಳುಗಳ ನರಳಾಟ ಸುತ್ತಲಿಂದಲೂ ಕೇಳಿಸತೊಡಗಿದವು. ಸೋಫಾದಲ್ಲಿ ಕೂತಿದ್ದ ಮನೆಯವರಲ್ಲಿ ಯಾರಿಗೂ ಏಳಲು ಮನಸ್ಸಾಗಲಿಲ್ಲ. ಪಂಪ್ ಅವನಿಗೆ ನೆನಪಾದದ್ದು ಸಿನಿಮಾ ಮುಗಿದ ಮೇಲೆಯೇ. ಓಡಿಹೋಗಿ ನೋಡಿದರೆ ಹಾಸಿಗೆಯ ಗಾಳಿಯೆಲ್ಲ ಇಳಿದಿತ್ತು. ಅಪ್ಪ ಬರೀ ಹಲಗೆಯ ಮೇಲೆ ಬಿದ್ದಂತಿದ್ದರು. ಅವರ ಮುಖ ನೋಡಲಾಗದೆ ಅವನು ಪ್ಲಗ್ ಹುಡುಕುತ್ತ ಬಗ್ಗಿದ.

"ತಪ್ಪಾಯ್ತಪ್ಪ. ಒಂದ್ಸಲ ಕೂಗಬಾರದಿತ್ತಾ?"

"ಕೂಗಿದೆ ಮಗಾ. ಹಿಂದಿನ ಸ್ಪೀಕರ್ ಸೂಪರ್ ಅಂತ ಎಲ್ರೂ ಚಪ್ಪಾಳೆ ಹೊಡೆದ್ರಿ."