ಒಂದೇ ವಿಳಾಸ

ಸಿ ಭಾಷೆಯ ಲ್ಯಾಬ್ ಪರೀಕ್ಷೆ. ಪ್ರೋಗ್ರಾಮಿನ ಎರಡು ಕಡೆ ‘ನಮಸ್ಕಾರ’ ಎಂದು ಬರೆದು, ಅದನ್ನು ರನ್ ಮಾಡಿ, ಆ ಎರಡೂ ಮಾತು ಮೆಮೊರಿಯ ಯಾವ ವಿಳಾಸದಲ್ಲಿವೆ ಎಂದು ತಿಳಿಸಬೇಕಿತ್ತು. ಸರ್ವಮಂಗಳಾ ಮೇಡಂ ಪಾಠದಲ್ಲಿ ಹೇಳಿದ್ದಂತೆಯೇ ಇಡೀ ತರಗತಿ ಎರಡು ಬೇರೆ ವಿಳಾಸ ಕೊಟ್ಟಿತ್ತು. ನಸೀಮಾ, ಬಸಲಿಂಗ ಮಾತ್ರ ಎರಡಕ್ಕೂ ಒಂದೇ ವಿಳಾಸ ಎಂದಿದ್ದರು. ಇಬ್ಬರದೂ ಒಂದೇ ತಪ್ಪಾದರೆ ಅದು ನಕಲೇ ಸರಿ ಎಂದುಕೊಂಡರು ಮೇಡಂ.

ಮೊದಲು ನಸೀಮಾಳನ್ನು ಕರೆಸಿದರು.

“ಯಾರದು ನೋಡಿ ಬರೆದೆ?”

“ಯಾರದೂ ಇಲ್ಲ ಮೇಡಂ. ಕಂಪ್ಯೂಟರೇ ಹಾಗೆ ತೋರಿಸ್ತು.”

ಆಮೇಲೆ ಬಂದ ಬಸಲಿಂಗನೂ ಅದೇ ಮಾತು ಹೇಳಿದ. ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಎಂಬ ಮೇಡಂ ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

“ಡಿಬಾರ್ ಆದರೆ ಒಂದು ವರ್ಷ ಹಾಳಾಗುತ್ತೆ. ಈಗಲೇ ನಿಜ ಹೇಳಿಬಿಡು.”

“ನೀವೇ ಒಂದ್ಸಲ ರನ್ ಮಾಡಿ ನೋಡಿ ಮೇಡಂ.” ಬಸಲಿಂಗ ತನ್ನ ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದ.

ಮೇಡಂ ರನ್ ಮಾಡಿದರು. ಪರದೆಯ ಮೇಲೆ ಒಂದೇ ವಿಳಾಸ ಎರಡು ಸಲ ಮೂಡಿತು. ಪಕ್ಕದ ಕಂಪ್ಯೂಟರಿನಲ್ಲೂ ಹಾಗೆಯೇ. ಒಂದೇ ಮಾತನ್ನು ಎರಡೆರಡು ಕಡೆ ಇಡುವುದೇಕೆಂದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಂದೇ ಜಾಗದಲ್ಲಿ ಇಟ್ಟಿತ್ತು.

ಅವರು ಉಳಿದವರ ಉತ್ತರಪತ್ರಿಕೆಗಳನ್ನು ತೆಗೆದು, ರನ್ ಮಾಡಿದ್ದರೆ ಬರಲಾಗದ ಎರಡೆರಡು ವಿಳಾಸಗಳನ್ನು ಒಂದೊಂದಾಗಿ ನೋಡಿದರು.

“ನೀನೂ ನಸೀಮಾಳೂ ಮನೆಗೆ ಹೋಗಿ,” ಎಂದರು. “ಉಳಿದವರನ್ನೆಲ್ಲ ಒಳಗೆ ಕಳಿಸು.”